‘ಥಗ್’ ಕಥೆ ಬರೆದ ಸುರಪುರದ ಸಾಹೇಬ: ಮೆಡೋಸ್ ಟೇಲರ್ ಬದುಕು, ಬರಹ

ರಾಯಚೂರು: ರೀಲ್ಸ್ ನೋಡುವ ಹುಡುಗರ ಬಾಯಲ್ಲಿ ‘ಥಗ್ ಲೈಫ್’ ಅನ್ನೋ ಮಾತು ಈಗ ಮಾಮೂಲಿ. ಈ ‘ಥಗ್’ ಪದವನ್ನು ಇಂಗ್ಲಿಷ್ ಓದುಗರ ಮನೆಮನೆಗೆ ಮುಟ್ಟಿಸಿದ ಕಾದಂಬರಿಕಾರ, ನಮ್ಮ ದೇವದುರ್ಗ ತಾಲೂಕಿನಿಂದ ಕೃಷ್ಣಾ ನದಿ ದಾಟಿದರೆ ಸಿಗುವ ಸುರಪುರದಲ್ಲಿ ಹನ್ನೆರಡು ವರ್ಷ ಆಡಳಿತ ನಡೆಸಿದ್ದ ಅನ್ನೋದು ಎಷ್ಟು ಮಂದಿಗೆ ಗೊತ್ತು? ಆತನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಅಪರಾಧದ ಕಥೆಯನ್ನೂ ಇತಿಹಾಸವನ್ನೂ ಸೇರಿಸಿ ಕಾದಂಬರಿ ಬರೆದ ಮೊದಲಿಗರಲ್ಲಿ ಆತನೂ ಒಬ್ಬ. ನಮ್ಮ ಭಾಗದ 19ನೇ ಶತಮಾನದ ಎಷ್ಟೋ ಸಂಗತಿಗಳು ಇವತ್ತಿಗೂ ಆತನ ಪುಸ್ತಕಗಳ ಮೂಲಕವೇ ಹೊರಗಿನವರಿಗೆ ಗೊತ್ತಾಗುತ್ತವೆ. ಹಾಗಾಗಿ ಆತ ಯಾರು, ಏನು ಬರೆದ, ಅದನ್ನು ನಾವು ಎಷ್ಟು ನಂಬಬೇಕು ಅನ್ನೋದನ್ನು ತಿಳಿದಿರಬೇಕು.

ಒಂದು ನೋಟದಲ್ಲಿ

ಜನನ: 1808ರ ಸೆಪ್ಟೆಂಬರ್ 25, ಇಂಗ್ಲೆಂಡಿನ ಲಿವರ್‌ಪೂಲ್
ಭಾರತಕ್ಕೆ ಬಂದದ್ದು: 1824
ನೌಕರಿ: ಹೈದರಾಬಾದ್ ನಿಜಾಮರ ಸೈನ್ಯ
ಸುರಪುರದಲ್ಲಿ: 1841ರಿಂದ 1853, ಮತ್ತೆ 1858ರಿಂದ 1860
ಹೆಸರು ತಂದ ಕೃತಿ: ‘ಕನ್ಫೆಷನ್ಸ್ ಆಫ್ ಎ ಥಗ್’ (1839)
ನಮ್ಮ ದೋಆಬ್ ನಾಡಿನ ಕಾದಂಬರಿ: ‘ಎ ನೋಬಲ್ ಕ್ವೀನ್’ (1878)
ಆತ್ಮಕಥೆ: ‘ದಿ ಸ್ಟೋರಿ ಆಫ್ ಮೈ ಲೈಫ್’ (1877)
ನಿಧನ: 1876ರ ಮೇ 13, ಫ್ರಾನ್ಸಿನ ಮೆಂಟನ್

ಗುಮಾಸ್ತನಾಗಲು ಬಂದ ಹುಡುಗ

ಟೇಲರ್ ಹುಟ್ಟಾ ಶ್ರೀಮಂತನೇನಲ್ಲ. ಬಾಂಬೆಯ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸ, ಮುಂದೆ ಪಾಲುದಾರಿಕೆ ಅಂತ ನಂಬಿಸಿ ಮನೆಯವರು 15ರ ಹುಡುಗನನ್ನು ಹಡಗು ಹತ್ತಿಸಿದರು. 1824ರಲ್ಲಿ ಬಂದು ನೋಡಿದರೆ ಆ ವ್ಯಾಪಾರ ಹೇಳಿದಷ್ಟು ದೊಡ್ಡದಾಗಿರಲಿಲ್ಲ. ಸಂಬಂಧಿಕರೊಬ್ಬರ ಶಿಫಾರಸಿನಿಂದ ಅದೇ ವರ್ಷ ನಿಜಾಮರ ಸೈನ್ಯದಲ್ಲಿ ನೌಕರಿ ಸಿಕ್ಕಿತು. ಆಗ ವಯಸ್ಸು 16 ತುಂಬಿತ್ತಷ್ಟೆ.

ಇಲ್ಲೊಂದು ಮಾತು ಗಮನಿಸಬೇಕು. ಆತ ಈಸ್ಟ್ ಇಂಡಿಯಾ ಕಂಪನಿಯ ಖಾಯಂ ಅಧಿಕಾರಿ ಅಲ್ಲ, ನಿಜಾಮರ ಸಂಬಳದವ. ಕಂಪನಿಯ ದೊಡ್ಡ ಸಾಹೇಬರ ಸಾಲಿನಲ್ಲಿ ಆತನಿಗೆ ಪೂರ್ತಿ ಜಾಗ ಇರಲಿಲ್ಲ. ಬಹುಶಃ ಅದಕ್ಕೇ ಇರಬೇಕು, ಆತ ಜನರ ನಡುವೆ ಹೆಚ್ಚು ಓಡಾಡಿದ. ಹಿಂದೂಸ್ತಾನಿ, ಮರಾಠಿ, ಪರ್ಷಿಯನ್ ಕಲಿತ. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದ. ಪಾಮರ್‌ನ ತಾಯಿ ಭಾರತೀಯ ಮುಸ್ಲಿಂ ಮಹಿಳೆ.

ಇನ್ನೂ 20 ದಾಟುವ ಮೊದಲೇ ನಿಜಾಮರ ರಾಜ್ಯದ ನೈಋತ್ಯ ಭಾಗಕ್ಕೆ ಪೊಲೀಸ್ ಅಧಿಕಾರಿಯಾದ. ದಾರಿ ಬದಿಯಲ್ಲಿ ಹೂತಿಟ್ಟ ಹೆಣಗಳು ಸಿಗುತ್ತಿದ್ದ ಸುದ್ದಿ ಆಗಲೇ ಆತನ ಕಿವಿಗೆ ಬಿದ್ದಿತ್ತು. ಬೆನ್ನು ಹತ್ತಬೇಕು ಅನ್ನುವಷ್ಟರಲ್ಲಿ ವಾಪಸ್ ಪಲ್ಟನ್‌ಗೆ ಕರೆ ಬಂತು. ಆ ಕೇಸು ಕೈತಪ್ಪಿದ್ದಕ್ಕೆ ಆತ ಕೊನೆಯವರೆಗೂ ಮರುಗಿದ.

ಠಗ್ಗರು ಅಂದ್ರೆ ಯಾರು?

ಆ ಕಾಲದಲ್ಲಿ ರೈಲಿಲ್ಲ, ಬಸ್ಸಿಲ್ಲ. ದೂರದ ಊರಿಗೆ ಹೊರಟವರು ಗುಂಪು ಕಟ್ಟಿಕೊಂಡು ನಡೆಯುತ್ತಿದ್ದರು. ವ್ಯಾಪಾರಿಗಳಂತೆ, ಸಿಪಾಯಿಗಳಂತೆ, ಯಾತ್ರಿಕರಂತೆ ವೇಷ ಹಾಕಿದ ತಂಡ ಇಂಥವರ ಜೊತೆ ಸೇರಿಕೊಳ್ಳುತ್ತಿತ್ತು. ದಿನಗಟ್ಟಲೆ ಸಂಗಡ ನಡೆದು, ಊಟ ಹಂಚಿಕೊಂಡು, ನಂಬಿಕೆ ಗಳಿಸಿ, ಸಂಕೇತದ ಮಾತು ಬಂದ ಕೂಡಲೇ ರುಮಾಲಿನಿಂದ ಕತ್ತು ಬಿಗಿದು ಕೊಂದು, ಹೆಣ ಹೂತು ಮುಂದೆ ಹೋಗುತ್ತಿತ್ತು. ಇವರನ್ನು ಉತ್ತರದಲ್ಲಿ ‘ಠಗ್’ ಅಂದರು. ನಮ್ಮ ‘ಠಕ್ಕ’ ಪದ ಇದರ ಹತ್ತಿರದ ನೆಂಟ.

ಇದು ಬರೀ ಉತ್ತರ ಭಾರತದ ಕಥೆ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತ ಇಂಥವರೆಂದು ಸುಮಾರು ನೂರು ಮಂದಿಯನ್ನು ಹಿಡಿದಿದ್ದರು. 1816ರಲ್ಲಿ ಮದ್ರಾಸಿನ ವೈದ್ಯ ರಿಚರ್ಡ್ ಶೇರ್‌ವುಡ್ ಇವರ ಬಗ್ಗೆ ಲೇಖನ ಬರೆದಾಗ ಕನ್ನಡದಲ್ಲಿ ಇವರಿಗೆ ಇದ್ದ ಹೆಸರನ್ನೂ ದಾಖಲಿಸಿದ: ‘ತಂತಿ ಕಳ್ಳರು’. ಅಂದ್ರೆ ತಂತಿಯ ಉರುಳು ಹಾಕುವ ಕಳ್ಳರು.

1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಜಬಲ್‌ಪುರವನ್ನು ಕೇಂದ್ರ ಮಾಡಿಕೊಂಡು ದೇಶದಾದ್ಯಂತ ಇವರನ್ನು ಹಿಡಿಸತೊಡಗಿದ. ಅವನ ಮುಖ್ಯ ಅಸ್ತ್ರ ಮಾಫಿ ಸಾಕ್ಷಿ. ಸಿಕ್ಕಿಬಿದ್ದವನು ಸಂಗಡಿಗರ ಹೆಸರು ಹೇಳಿದರೆ ಅವನ ಕುತ್ತಿಗೆ ಉಳಿಯುತ್ತಿತ್ತು. 1836ರ ಕಾಯ್ದೆ ಬಂದ ಮೇಲಂತೂ ನಿರ್ದಿಷ್ಟ ಕೊಲೆ ಸಾಬೀತಾಗಬೇಕಿರಲಿಲ್ಲ, ಠಗ್ಗರ ಗುಂಪಿನವನು ಅಂತ ತೋರಿಸಿದರೆ ಸಾಕು, ಜೀವಾವಧಿ. 1826ರಿಂದ 1840ರವರೆಗಿನ ಲೆಕ್ಕದಲ್ಲಿ 3,689 ಜನರ ವಿಚಾರಣೆ ನಡೆಯಿತು, 466 ಜನರನ್ನು ಗಲ್ಲಿಗೇರಿಸಿದರು.

ತಾನೇ ಕೊಟ್ಟ ಪಾಸ್

ಟೇಲರ್ ಆಗ ಹಿಂಗೋಲಿ ದಂಡಿನಲ್ಲಿದ್ದ, ಅಲ್ಲಿನ ಬಜಾರಿನ ಉಸ್ತುವಾರಿ ಆತನದ್ದು. ಬಜಾರಿನಲ್ಲಿ ಹರಿಸಿಂಗ್ ಅನ್ನೋ ಮರ್ಯಾದಸ್ಥ ವ್ಯಾಪಾರಿ ಇದ್ದ. ಟೇಲರ್ ಅವನ ಜೊತೆ ವ್ಯವಹಾರ ಮಾಡಿದ್ದ. ಒಂದು ದಿನ ಹರಿಸಿಂಗ್ ಬಂದು, ಬಾಂಬೆಯಿಂದ ಬಟ್ಟೆ ತರಿಸಬೇಕು, ಪಾಸ್ ಕೊಡಿ ಅಂದ. ಟೇಲರ್ ಕೊಟ್ಟ. ಆ ಬಟ್ಟೆ ಬೇರೆ ವ್ಯಾಪಾರಿಯದ್ದು, ಅದು ಆ ದಾರಿಯಲ್ಲೇ ಬರುತ್ತಿರುವುದು ಹರಿಸಿಂಗ್‌ಗೆ ಗೊತ್ತಿತ್ತು. ಮಾಲೀಕನನ್ನೂ ಆಳುಗಳನ್ನೂ ಎತ್ತು ಹೊಡೆಯುವವರನ್ನೂ ಕೊಂದು, ಅದೇ ಪಾಸ್ ತೋರಿಸಿ ಮಾಲು ಒಳಗೆ ತಂದು ದಂಡಿನ ಬಜಾರಿನಲ್ಲೇ ರಾಜಾರೋಷವಾಗಿ ಮಾರಿದ. ಅವನು ಠಗ್ಗರ ನಾಯಕ ಎಂದು ಗೊತ್ತಾದದ್ದು ಅವನೇ ತಪ್ಪೊಪ್ಪಿಕೊಂಡ ಮೇಲೆ. ದಂಡಿನ ಕಾವಲು ಠಾಣೆಯಿಂದ ಕೂಗಳತೆ ದೂರದಲ್ಲೇ ಹೆಣಗಳನ್ನು ಅಗೆದು ತೆಗೆದರು.

ತನ್ನ ಸಹಿ ಇದ್ದ ಕಾಗದವೇ ಕೊಲೆಗಾರನಿಗೆ ರಹದಾರಿ ಆಗಿತ್ತು. ಇದನ್ನು ಟೇಲರ್ ಮುಚ್ಚಿಡಲಿಲ್ಲ, ತನ್ನ ಕಾದಂಬರಿಯ ಪೀಠಿಕೆಯಲ್ಲೇ ಬರೆದ. ಮುಂದೆ ಹೈದರಾಬಾದಿಗೆ ಕರೆತಂದ ಮಾಫಿ ಸಾಕ್ಷಿಗಳ ಹೇಳಿಕೆಗಳನ್ನು ಕುಳಿತು ಕೇಳಿದ, ಬರೆದುಕೊಂಡ. ಆತನ ಕಾದಂಬರಿಗೆ ಬೀಜ ಬಿದ್ದದ್ದು ಅಲ್ಲಿ.

719 ಕೊಲೆಗಳ ಕಥೆ

‘ಕನ್ಫೆಷನ್ಸ್ ಆಫ್ ಎ ಥಗ್’ ಅಂದ್ರೆ ‘ಠಗ್ಗನೊಬ್ಬನ ತಪ್ಪೊಪ್ಪಿಗೆ’. ಟೇಲರ್ ರಜೆ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ ಲಂಡನ್ನಿನ ರಿಚರ್ಡ್ ಬೆಂಟ್ಲಿ ಇದನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಪತ್ತೇದಾರಿ ಕಾದಂಬರಿ ಅಂದ್ರೆ ಕೊಲೆಗಾರ ಯಾರು ಅಂತ ಕೊನೆಗೆ ಗೊತ್ತಾಗಬೇಕು ಅಂತ ನಾವು ತಿಳಿದಿದ್ದೇವೆ. ಇಲ್ಲಿ ಕೊಲೆಗಾರ ಮೊದಲ ಪುಟದಿಂದಲೇ ನಮ್ಮೆದುರು ಕುಳಿತು ಮಾತಾಡುತ್ತಾನೆ. ಅವನ ಹೆಸರು ಅಮೀರ್ ಅಲಿ. ಅವನು ಕೇಳಿಸಿಕೊಳ್ಳುವ ‘ಸಾಹೇಬ’ನಿಗೆ ತನ್ನ ಕಥೆ ಹೇಳುತ್ತಾ ಹೋಗುತ್ತಾನೆ.

ಕಥೆ ಹೀಗಿದೆ. ಚಿಕ್ಕ ಹುಡುಗನಾಗಿದ್ದಾಗ ಅಮೀರ್ ಅಲಿಯ ತಂದೆ ತಾಯಿಯನ್ನು ಠಗ್ಗರು ಕೊಲ್ಲುತ್ತಾರೆ. ತಂಡದ ನಾಯಕ ಇಸ್ಮಾಯಿಲ್ ಹುಡುಗನನ್ನು ಕೊಲ್ಲದೆ ಮಗನಂತೆ ಸಾಕುತ್ತಾನೆ. ಹುಡುಗ ಬೆಳೆದು ತಾನೇ ದೊಡ್ಡ ಠಗ್ ಆಗುತ್ತಾನೆ, ಪಿಂಡಾರಿಗಳ ಜೊತೆ ಸೇರುತ್ತಾನೆ, ಕೊನೆಗೆ ಸಿಕ್ಕಿಬಿದ್ದು ಮಾಫಿ ಸಾಕ್ಷಿಯಾಗುತ್ತಾನೆ. ದಾರಿಯಲ್ಲಿ ತಾನು ಕೊಂದ ಹೆಣ್ಣುಮಗಳೊಬ್ಬಳು ತನ್ನ ಒಡಹುಟ್ಟಿದವಳೇ ಎಂದು ತಡವಾಗಿ ತಿಳಿಯುವ ಭಾಗ ಓದುಗರ ಎದೆ ಹಿಂಡುತ್ತದೆ. ಇದಕ್ಕೆ ಮಾದರಿಯಾದ ನಿಜವಾದ ಅಮೀರ್ ಅಲಿ ತಾನು 719 ಕೊಲೆಗಳಲ್ಲಿ ಭಾಗಿ ಎಂದು ಒಪ್ಪಿಕೊಂಡಿದ್ದನೆಂದು ಟೇಲರ್ ಬರೆಯುತ್ತಾನೆ.

ಪುಸ್ತಕ ಬಿಸಿ ಬಿಸಿ ಖರ್ಚಾಯಿತು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ರಾಣಿ ವಿಕ್ಟೋರಿಯಾ, ಅಚ್ಚಾಗುತ್ತಿದ್ದ ಹಾಳೆಗಳನ್ನೇ ತರಿಸಿಕೊಂಡು ಓದಿದಳು ಅಂತ ಟೇಲರ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮರುವರ್ಷವೇ ‘ಟೀಪೂ ಸುಲ್ತಾನ್’ ಎಂಬ ಮೈಸೂರು ಯುದ್ಧದ ಕಾದಂಬರಿ ಬಂತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದಿಂದ ವರದಿ ಕಳಿಸುವ ಕೆಲಸವೂ ಸಿಕ್ಕಿತು. ಅಂದ್ರೆ ನಮ್ಮ ಪಕ್ಕದ ಸುರಪುರದ ಗುಡ್ಡದಿಂದ ‘ಟೈಮ್ಸ್’ಗೆ ಸುದ್ದಿ ಹೋಗುತ್ತಿತ್ತು!

ಸುರಪುರದ ‘ಮಹಾದೇವ ಬಾಬಾ’

ಸುರಪುರ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಔರಂಗಜೇಬ ಸ್ವತಃ ಬಂದು ಮುತ್ತಿಗೆ ಹಾಕಿದ ವಾಗಿನಗೇರಾ ಕೋಟೆ ಇದೇ ಮನೆತನದ್ದು. 1841ರ ಹೊತ್ತಿಗೆ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು, ನಿಜಾಮರಿಗೆ ಕೊಡಬೇಕಾದ ಹಣ ಬಾಕಿ ಇತ್ತು, ಮನೆಯೊಳಗೆ ಅಧಿಕಾರದ ಜಗಳ. ಅದನ್ನು ಸರಿಪಡಿಸಲು ಟೇಲರ್‌ನನ್ನು ಕಳಿಸಿದರು. 1842ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗ ವೆಂಕಟಪ್ಪ ನಾಯಕರಿಗೆ ಆಗ ಏಳೆಂಟು ವರ್ಷ. ರಾಣಿ ಈಶ್ವರಮ್ಮನವರಿಗೂ ಸಾಹೇಬನಿಗೂ ಅಷ್ಟಕ್ಕಷ್ಟೆ. ಕೊನೆಗೆ ಆಡಳಿತದ ಹಗ್ಗ ಟೇಲರ್ ಕೈಗೆ ಬಂತು. ಹುಡುಗ ವಯಸ್ಸಿಗೆ ಬರುವ 1853ರವರೆಗೆ ಆತನೇ ನಡೆಸಿದ.

ಈ ಅವಧಿಯಲ್ಲಿ ಆತ ಕಂದಾಯ ಗೊತ್ತುಪಡಿಸಿದ, ರಸ್ತೆ ಮಾಡಿಸಿದ, ಬೋನಾಳ ಕೆರೆಯ ಕೆಲಸ ಮಾಡಿಸಿದ. ಇಂದು ಹಕ್ಕಿ ನೋಡಲು ಮಂದಿ ಹೋಗುವುದು ಇದೇ ಕೆರೆಗೆ. ರಾಜನ ಕೋಳೂರು, ವಿಭೂತಿಹಳ್ಳಿಯಲ್ಲಿ ಇರುವ ಆದಿಮಾನವರ ಕಲ್ಲಿನ ಗೋರಿಗಳನ್ನು, ಕಲ್ಲಿನ ಸಾಲುಗಳನ್ನು ಅಳೆದು, ಚಿತ್ರ ಬರೆದು ವಿದ್ವಾಂಸರ ಪತ್ರಿಕೆಗಳಿಗೆ ಕಳಿಸಿದ. ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆಯೇ ಇಂದಿನ ‘ಟೇಲರ್ ಮಂಜಿಲ್’. ‘ಮೆಡೋಸ್’ ಅನ್ನೋದು ನಮ್ಮ ಜನರ ನಾಲಿಗೆಯಲ್ಲಿ ‘ಮಹಾದೇವ’ ಆಯಿತು. ಸಾಹೇಬ ‘ಮಹಾದೇವ ಬಾಬಾ’ ಆದ. ಬಾಲಕ ರಾಜರು ಮಾತ್ರ ಆತನನ್ನು ‘ಅಪ್ಪಾ’ ಅಂತ ಕರೆಯುತ್ತಿದ್ದರು.

1858: ಹೆಸರು ಹೇಳದ ರಾಜ

ಟೇಲರ್ ಸುರಪುರ ಬಿಟ್ಟ ವರ್ಷವೇ ಬ್ರಿಟಿಷರು ನಿಜಾಮರ ಸಾಲದ ನೆಪದಲ್ಲಿ ಬೀರಾರ್, ನಳದುರ್ಗ ಮತ್ತು ನಮ್ಮ ರಾಯಚೂರು ದೋಆಬನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅಂದ್ರೆ ಮಾನ್ವಿ, ದೇವದುರ್ಗ, ಲಿಂಗಸುಗೂರು ಸೀಮೆ ಸ್ವಲ್ಪ ವರ್ಷ ನೇರ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿತ್ತು. 1860ರಲ್ಲಿ ದೋಆಬ್ ವಾಪಸ್ ನಿಜಾಮರಿಗೆ ಹೋಯಿತು.

1857ರ ಬೆಂಕಿ ನಮ್ಮ ಭಾಗಕ್ಕೂ ಬಂತು. 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರ ಪಡೆ ಬ್ರಿಟಿಷರ ವಿರುದ್ಧ ಎದ್ದಿತು. ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಬ್ರಿಟಿಷ್ ಪಡೆ ಬರುತ್ತಲೇ ರಾಜರು ಹೈದರಾಬಾದಿಗೆ ಹೋದರು. ಅಲ್ಲಿ ಸೆರೆ ಸಿಕ್ಕರು.

ಸೆರೆಯಲ್ಲಿದ್ದ ರಾಜರನ್ನು ಕಾಣಲು ಬಂದವನು ಟೇಲರ್. ಆತ್ಮಕಥೆಯ ಈ ಪುಟಗಳು ಆತನ ಯಾವ ಕಾದಂಬರಿಗಿಂತಲೂ ಭಾರ. ಯುವಕ ರಾಜರು ‘ಅಪ್ಪಾ’ ಎಂದು ಅಪ್ಪಿಕೊಂಡು ಅತ್ತರು. ಆದರೆ ನಿನ್ನನ್ನು ಎತ್ತಿಕಟ್ಟಿದವರು ಯಾರು, ಜೊತೆಗಿದ್ದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಜೀವ ಉಳಿಸಿಕೊಳ್ಳಲು ಬೇರೆಯವರ ಹೆಸರು ಹೇಳುವ ಹೇಡಿ ತಾನಲ್ಲ ಅಂದರು. ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿದರೂ ಹೆದರೋದಿಲ್ಲ ಅಂದರು.

ಮೊದಲು ಮರಣದಂಡನೆ ಆಯಿತು. ಅದು ಕಾಲಾಪಾನಿಗೆ ಇಳಿಯಿತು, ಆಮೇಲೆ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆದರೆ ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲೇ ರಾಜರು ಗುಂಡೇಟಿನಿಂದ ತೀರಿಕೊಂಡರು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾವೇ ಹೊಡೆದುಕೊಂಡರು ಅನ್ನೋದು ಟೇಲರ್ ಬರಹ. ಇದನ್ನು ನಂಬದವರು ನಮ್ಮಲ್ಲಿ ಇದ್ದಾರೆ. ರಾಜರು 24ನೇ ವರ್ಷದಲ್ಲಿ ಸಾಯುತ್ತಾರೆ ಅಂತ ಜಾತಕ ಹೇಳಿತ್ತು, ಆ ಗುಟ್ಟು ತನಗೆ ಮೊದಲೇ ಗೊತ್ತಿತ್ತು ಅಂತಲೂ ಟೇಲರ್ ಬರೆದಿದ್ದಾನೆ.

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಅಮೀರ್ ಅಲಿ: ಎಲ್ಲರ ಹೆಸರು ಹೇಳಿ ಕುತ್ತಿಗೆ ಉಳಿಸಿಕೊಂಡವನು. ಇನ್ನೊಂದು ಕಡೆ ವೆಂಕಟಪ್ಪ ನಾಯಕರು: ಒಂದು ಹೆಸರೂ ಹೇಳದೆ ಹೋದವರು. ಇಬ್ಬರ ಎದುರೂ ಕುಳಿತು ಬರೆದುಕೊಂಡ ಕೈ ಒಂದೇ. ಠಗ್ಗನ ಮಾತಿಗೆ ಮೂರು ಸಂಪುಟ ಸಿಕ್ಕವು. ರಾಜರ ಮೌನಕ್ಕೆ ಸಿಕ್ಕದ್ದು ಕೆಲವೇ ಪುಟ, ಅದೂ ಸಾಹೇಬನ ಮಾತಿನಲ್ಲಿ.

ನಮ್ಮ ನದಿ ಹರಿಯುವ ಕಾದಂಬರಿ

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಭಾರತ ಬಿಟ್ಟ. ಐರ್ಲೆಂಡಿನ ಡಬ್ಲಿನ್ ಬಳಿ ನೆಲೆಸಿ ಮತ್ತೆ ಪೆನ್ನು ಹಿಡಿದ. ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಬಂದವು. ಇವು ಮೂರೂ ನೂರು ನೂರು ವರ್ಷದ ಅಂತರದ ಕಥೆಗಳು: 1657ರ ಶಿವಾಜಿ ಕಾಲ, 1757ರ ಪ್ಲಾಸಿ, 1857ರ ದಂಗೆ. ಬಿಜಾಪುರದ ಕಟ್ಟಡಗಳ ಬಗ್ಗೆ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ 1866ರಲ್ಲಿ ಬಂದ ದೊಡ್ಡ ಚಿತ್ರಸಂಪುಟಗಳಿಗೂ ಬರೆದ.

ನಮ್ಮವರು ಹುಡುಕಿ ಓದಬೇಕಾದದ್ದು ‘ಎ ನೋಬಲ್ ಕ್ವೀನ್’. ಚಾಂದ್ ಬೀಬಿ ಕಾಲದ ಕಥೆ ಇದು. ಬಿಜಾಪುರ, ಅಹಮದ್‌ನಗರದ ಅರಮನೆಗಳ ಜೊತೆಗೆ ಇದರಲ್ಲಿ ಕೃಷ್ಣಾ ನದಿಯ ಸೆಳವು, ಹರಗೋಲು, ಲಿಂಗಸುಗೂರು ತಾಲೂಕಿನ ಜಲದುರ್ಗ ಕೋಟೆ, ಛಾಯಾ ಭಗವತಿ ಬಳಿಯ ಜಲಧಾರೆ, ಬೇಡ ನಾಯಕರ ಪಡೆ ಎಲ್ಲ ಬರುತ್ತವೆ. ಮುದಗಲ್‌ನಲ್ಲಿ ಹಿಂದಿನಿಂದಲೂ ಕ್ರೈಸ್ತ ಸಮುದಾಯ ಇದೆಯಲ್ಲ, ಅದನ್ನೂ ಬಿಟ್ಟಿಲ್ಲ. ಮುದಗಲ್‌ನ ಪೋರ್ಚುಗೀಸ್ ಪಾದ್ರಿ ಮತ್ತು ಅವನ ತಂಗಿ ಇದರಲ್ಲಿ ಪಾತ್ರಗಳು. ಕುದುರೆ ಮೇಲೆ ಈ ಜಾಗಗಳನ್ನೆಲ್ಲ ಸುತ್ತಿದವನ ಕಣ್ಣು ಅದರಲ್ಲಿ ಕಾಣುತ್ತದೆ.

ಈ ಪುಸ್ತಕ ಅಚ್ಚಾಗಿ ಬಂದದ್ದನ್ನು ಆತ ನೋಡಲಿಲ್ಲ. ಕಣ್ಣು ಮಂಜಾಗಿದ್ದರೂ 1875ರಲ್ಲಿ ಕೊನೆಯ ಸಲ ಹೈದರಾಬಾದಿಗೆ ಬಂದು, ವಾಪಸ್ ಹೋಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಹೊರತಂದಳು.

ಆತನನ್ನು ಇಂದು ಹೇಗೆ ಓದಬೇಕು?

ಟೇಲರ್ ಜನರನ್ನು ಪ್ರೀತಿಸಿದ, ಇದರಲ್ಲಿ ಸಂಶಯವಿಲ್ಲ. ಆದರೆ ಆತ ಅಧಿಕಾರದ ಕುರ್ಚಿಯಲ್ಲಿ ಕುಳಿತೇ ಕೇಳಿಸಿಕೊಂಡವನು. ಇದರ ಪರಿಣಾಮ ಸಣ್ಣದಲ್ಲ.

ಠಗ್ಗರು ಅನ್ನೋದೊಂದು ಹುಟ್ಟಿನಿಂದ ಬರುವ ಕೊಲೆಗಾರ ಪಂಗಡ, ದೇವಿಗೆ ಬಲಿ ಕೊಡುವ ಗುಪ್ತ ಧರ್ಮ ಅನ್ನೋ ಚಿತ್ರವನ್ನು ಸ್ಲೀಮನ್ ವರದಿಗಳು ಕಟ್ಟಿದವು, ಟೇಲರ್ ಕಾದಂಬರಿ ಅದನ್ನು ಜನಪ್ರಿಯ ಮಾಡಿತು. ಇಂದಿನ ಇತಿಹಾಸಕಾರರು ಇದನ್ನು ಹಾಗೇ ಒಪ್ಪುವುದಿಲ್ಲ. ದಾರಿಗಳ್ಳರ ಕೊಲೆಗಳು ನಿಜ, ಆದರೆ ಅವರಲ್ಲಿ ಕೆಲಸ ಕಳೆದುಕೊಂಡ ಸಿಪಾಯಿಗಳು, ಬರಗಾಲಕ್ಕೆ ಸಿಕ್ಕಿದ ರೈತರೂ ಇದ್ದರು, ಕುತ್ತಿಗೆ ಉಳಿಸಿಕೊಳ್ಳಲು ಕೊಟ್ಟ ಹೇಳಿಕೆಗಳನ್ನು ಎಚ್ಚರದಿಂದ ಓದಬೇಕು ಅನ್ನುತ್ತಾರೆ. ಕಿಮ್ ವ್ಯಾಗ್ನರ್ 2007ರಲ್ಲಿ ತಂದ ಸಂಶೋಧನೆ ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದದ್ದು.

ಗುಂಪಿಗೆ ಸೇರಿದವನು ಅಂದ ಮಾತ್ರಕ್ಕೆ ಅಪರಾಧಿ ಅನ್ನುವ 1836ರ ಯೋಚನೆಯೇ ಬೆಳೆದು 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ಆಯಿತು. ದೇಶದ ಎಷ್ಟೋ ಅಲೆಮಾರಿ ಸಮುದಾಯಗಳ ಮಕ್ಕಳು ಹುಟ್ಟುತ್ತಲೇ ಠಾಣೆಯ ಪಟ್ಟಿಗೆ ಸೇರಿದರು. ಆ ಕಾಯ್ದೆ ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ಕ್ಕೆ. ಊರಿಗೆ ಅಲೆಮಾರಿ ಕುಟುಂಬ ಬಂದು ಗುಡಾರ ಹಾಕಿದರೆ ಇವತ್ತಿಗೂ ಸಂಶಯದ ಕಣ್ಣಿಂದ ನೋಡುವವರು ಇದ್ದಾರೆ. ಆ ಸಂಶಯ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೂ ಟೇಲರ್‌ನನ್ನು ಓದಬೇಕು.

ಹಾಗಂತ ಆತನನ್ನು ತಳ್ಳಿಹಾಕಿದರೆ ನಷ್ಟ ನಮಗೇ. ರಾಜನ ಕೋಳೂರಿನ ಕಲ್ಲುಗಳನ್ನು ಮೊದಲು ಅಳೆದವರಲ್ಲಿ ಆತ ಒಬ್ಬ. ವೆಂಕಟಪ್ಪ ನಾಯಕರು ಹೆಸರು ಹೇಳಲಿಲ್ಲ ಅನ್ನೋ ಸಂಗತಿ ನಮಗೆ ಆತನ ಪುಸ್ತಕದಲ್ಲೂ ಸಿಗುತ್ತದೆ, ಆತನ ಸರ್ಕಾರಕ್ಕೆ ಅದರಿಂದ ಏನೂ ಲಾಭ ಇರಲಿಲ್ಲ. ಬರೆಯದೆ ಬಿಡಬಹುದಿತ್ತು, ಬಿಡಲಿಲ್ಲ. ಸಾಹೇಬನ ಬರಹ ಒಂದು ಕೈಯಲ್ಲಿ, ನಮ್ಮ ಹಿರಿಯರ ಬಾಯಿಮಾತು, ಲಾವಣಿ, ಊರ ನೆನಪು ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ಓದಿದರೆ ಸರಿಯಾದ ಚಿತ್ರ ಸಿಗುತ್ತದೆ.

ನೋಡಬೇಕು ಅನ್ನುವವರಿಗೆ

ರಾಯಚೂರಿನಿಂದ ದೇವದುರ್ಗ, ಜಾಲಹಳ್ಳಿ, ತಿಂಥಣಿ ಬ್ರಿಜ್ ಮೇಲಿಂದ ಸುರಪುರಕ್ಕೆ ಹೋಗಬಹುದು. ಮಾನ್ವಿ ಕಡೆಯವರು ಸಿರವಾರ ಮೇಲೆ ದೇವದುರ್ಗಕ್ಕೆ ಬಂದು ಅದೇ ದಾರಿ ಹಿಡಿಯಬಹುದು. ಬ್ರಿಜ್ ದಾಟಿದ ಮೇಲೆ ತಿಂಥಣಿಯಲ್ಲಿ ಮೌನೇಶ್ವರರ ದರ್ಶನ ಮಾಡಿಕೊಂಡು ಮುಂದೆ ಹೋದರೆ ಸುರಪುರ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಜೊತೆಗೆ ನಾಯಕರ ಅರಮನೆ ಕಡೆಗೂ ಹೋಗಿ ಬನ್ನಿ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟು ಬಂದರೆ ಕಥೆ ಅರ್ಧವೇ ಕೇಳಿದಂತೆ.